ಬಾಗಿಲ ಕಡೆ ತಿರುಗಿ ನಿಲ್ಲುವ ಕಾವೇರಮ್ಮ

ಬೆಳಗಿನ ಐದೂಮುಕ್ಕಾಲು. ಚನ್ನಪಟ್ಟಣದ ಬೊಂಬೆ ಕೆಲಸದವರ ಬೀದಿಯಲ್ಲಿ ಮಂಜು ಇನ್ನೂ ಮಲಗಿದೆ. ಬೊಂಬೆ ಕಡೆಯುವ ಲೇತುಗಳು ಎದ್ದಿಲ್ಲ. ನಿನ್ನೆಯ ಅರಗಿನ ವಾಸನೆ ಮಾತ್ರ ಕಿಟಕಿ ಕಂಬಿಗಳಿಗೆ ಅಂಟಿಕೊಂಡು ಕೂತಿದೆ. ಶುಕೂರ್ ಸಾಬರ ಮನೆಯ ಹಜಾರದಲ್ಲಿ ಕಾವೇರಮ್ಮ ಕಂಪ್ಯೂಟರಿಗೆ ಬೆನ್ನು ಹಾಕಿ, ಬಾಗಿಲ ಕಡೆ ತಿರುಗಿ ನಿಂತಿದ್ದಾರೆ. ಅವರ ಹಿಂದೆ ಶುಕೂರರ ತಮ್ಮ ವಾಸಿಂ ಒಂದೊಂದೇ ಅಕ್ಷರ ಹುಡುಕಿ ತಮ್ಮ ಹೊಸ ಪಾಸ್‌ವರ್ಡ್ ಒತ್ತುತ್ತಿದ್ದಾರೆ.

"ಆಯ್ತಾ ವಾಸಿಮಣ್ಣ?"

"ಇನ್ನೊಂದ್ ಅಕ್ಷರ ಐತೆ ಅಕ್ಕಾ, ತಡೀರಿ."

"ನಿಧಾನಕ್ಕೆ ಒತ್ತಿ. ನಾನು ಮಂಜು ನೋಡ್ತಾವ್ನಿ."

ಐವತ್ತೊಂದರ ಕಾವೇರಮ್ಮನ ಕಸುಬಿಗೆ ನಮ್ಮಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಒಂದೇ ಮನೆಯಲ್ಲಿ ಎರಡು ಮೂರು ಕಂಪ್ಯೂಟರ್ ಇದ್ದರೆ ಅವನ್ನು ಒಂದಕ್ಕೊಂದು ಬೆಸೆದು, ಒಂದರಲ್ಲಿರುವ ಫೋಲ್ಡರನ್ನು ಉಳಿದವರೂ ತೆರೆಯುವ ಹಾಗೆ ಮಾಡಿಕೊಡುತ್ತಾರೆ. ಅದನ್ನು ಯಾರು ಬರೀ ನೋಡಬಹುದು, ಯಾರು ತಿದ್ದಬಹುದು, ಅಳಿಸಬಹುದು ಎಂದು ಒಬ್ಬೊಬ್ಬರ ಹೆಸರಿಗೂ ಗೊತ್ತುಮಾಡುತ್ತಾರೆ. ಊರಿನವರು 'ಪರ್ಮಿಷನ್ ಕಾವೇರಮ್ಮ' ಎಂದು ರೇಗಿಸುತ್ತಾರೆ. ಅವರಿಗೇನೂ ಬೇಸರವಿಲ್ಲ.

ಬೆಳಗಿನ ಜಾವವೇ ಯಾಕೆ ಎಂದರೆ, ಆ ಹೊತ್ತಿಗೆ ಮನೆಮಂದಿಯೆಲ್ಲ ಮನೆಯಲ್ಲಿರುತ್ತಾರೆ. ಬಿಡದಿಯ ಕಾರ್ಖಾನೆಗೆ ಹೋಗುವವರು ಇನ್ನೂ ರೈಲು ಹತ್ತಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡನ್ನು ತಾವೇ, ತಮ್ಮ ಕೈಯಾರೆ ಒತ್ತಬೇಕು ಎಂಬುದು ಅವರ ಹಟ. ಒತ್ತುವಾಗ ತಾವು ಬೆನ್ನು ತಿರುಗಿಸಿ ನಿಲ್ಲುವುದೂ ಅಷ್ಟೇ ಹಟ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದಿರುವ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿರುವ ನಾನು ಇದನ್ನು ಕೇಳಿ ಸುಮ್ಮನೆ ಚಹಾ ಕುಡಿಯುತ್ತೇನೆ.

ಕಾವೇರಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಇಪ್ಪತ್ತೆರಡು ವರ್ಷ ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡಿದವರು. ಅಂಗಡಿ ಮುಚ್ಚಿದ ಮೇಲೆ ಸ್ಕೂಟರ್ ಹತ್ತಿದರು. "ಮೊದ್ಲು ಮೊದ್ಲು, ಹೆಂಗಸು ವೈರ್ ಮುಟ್ತಾಳಾ ಅಂತ ಬಾಗ್ಲಲ್ಲೇ ನಿಲ್ಲಿಸೋರು. ನೀರು ಕೊಟ್ಟು ಕಳಿಸ್ಬುಡೋರು," ಎಂದು ನಗುತ್ತಾರೆ. ಈಗ ಬೆಳಿಗ್ಗೆ ಎರಡು ಮನೆ, ಸಂಜೆ ಒಂದು. ರಾಮನಗರ, ಮಾಗಡಿ, ಕನಕಪುರ ಎಂದು ದಿನಕ್ಕೆ ಅರವತ್ತು ಕಿಲೋಮೀಟರ್ ಸ್ಕೂಟರ್ ಓಡುವುದೂ ಉಂಟು. ಇಲ್ಲಿಯತನಕ ಮುನ್ನೂರು ಚಿಲ್ಲರೆ ಮನೆಗಳಾಗಿವೆ.

ಯಾವ ಮನೆಗೆ ಹೋದರೂ ಮೊದಲು ಕಂಪ್ಯೂಟರ್ ಮುಟ್ಟುವುದಿಲ್ಲ. ಹಜಾರದಲ್ಲಿ ಕೂತು ಕೇಳುತ್ತಾರೆ: "ಬೀರು ಬೀಗದ ಕೈ ಯಾರ ತಾವ ಇರ್ತದೆ? ಉಪ್ಪಿನಕಾಯಿ ಜಾಡಿಗೆ ಕೈ ಹಾಕೋರು ಯಾರು?" ಮನೆ ತಿಳಿಯದೆ ಫೋಲ್ಡರ್ ತಿಳಿಯುವುದಿಲ್ಲ ಎನ್ನುವುದು ಅವರ ಮಾತು. "ಕನಸಲ್ಲೂ ಬರೀ ಬಾಗಿಲೇ ಕಣಪ್ಪಾ ನಂಗೆ. ದೊಡ್ಡ ಮನೆ, ಎಷ್ಟು ಜನವೋ ಅಷ್ಟು ಬಾಗಿಲು. ಎಲ್ಲಾ ತೆಗೆದೇ ಇರ್ತವೆ. ಗಾಳಿಗೆ ಒಂದೊಂದೇ ಹಾಳೆ ಹಾರೋಯ್ತಾ ಇರ್ತದೆ."

ಆ ಹಾಳೆಗಳು ಇದೇ ಮನೆಯವು. ಶುಕೂರ್ ಸಾಬರ ತಂದೆ ಹೆಸರಾಂತ ಬೊಂಬೆ ಕೆಲಸಗಾರ. ಆಲೆಮರದ ತುಂಡನ್ನು ಲೇತಿಗೆ ಕೊಡುವ ಮುಂಚೆ ಪ್ರತಿ ಬೊಂಬೆಯ ನಕ್ಷೆ ಬರೆದಿಡುತ್ತಿದ್ದರು. ಒಟ್ಟು ಇನ್ನೂರ ಹದಿನಾಲ್ಕು ನಕ್ಷೆ. ಅವರು ತೀರಿಕೊಂಡ ವರ್ಷ ಡಿಟಿಪಿ ಅಂಗಡಿಯಲ್ಲಿ ಅವನ್ನೆಲ್ಲ ಸ್ಕ್ಯಾನ್ ಮಾಡಿದ್ದೂ ಕಾವೇರಮ್ಮನೇ. ಆಮೇಲೆ ಕಾಗದಗಳು ಗೆದ್ದಲಿನ ಪಾಲಾಗಿ, ಹಜಾರದ ಕಂಪ್ಯೂಟರಿನಲ್ಲಿದ್ದ ಆ ಸ್ಕ್ಯಾನ್‌ಗಳಷ್ಟೇ ಉಳಿದವು. ಏಳು ವರ್ಷದ ಹಿಂದೆ ಈ ಮನೆಗೆ ನೆಟ್‌ವರ್ಕ್ ಮಾಡಿಕೊಡಲು ಬಂದಾಗ ಶುಕೂರ್ ಸಾಬರು ಹೇಳಿದರಂತೆ: "ಒಂದೇ ತಟ್ಟೇಲಿ ಉಣ್ಣೋ ಅಣ್ತಮ್ಮಂದಿರು ನಾವು. ನಮ್ಮಲ್ಲಿ ಗೆರೆ ಗಿರೆ ಬ್ಯಾಡ ಅಕ್ಕಾ. ಎಲ್ರಿಗೂ ಎಲ್ಲಾ ತೆಗೆದುಬುಡಿ."

ಅಂಥ ಮನೆಯಲ್ಲಿ ಗೆರೆ ಎಳೆಯಲು ಕಾವೇರಮ್ಮನಿಗೆ ಮನಸ್ಸು ಬರಲಿಲ್ಲ. ಎಲ್ಲರಿಗೂ ಎಲ್ಲವನ್ನೂ ತೆರೆದರು. ಇನ್ನೊಂದು ಪ್ರತಿ ತೆಗೆದಿಡಲೂ ಇಲ್ಲ. ಎರಡು ತಿಂಗಳಾಗಿತ್ತು. ಶುಕೂರರ ಮಗಳು ಅಸ್ರಾಳಿಗೆ ಆಗ ಹದಿನೇಳು. ತನ್ನ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಅಜ್ಜನ ಫೋಲ್ಡರ್ ಅಳಿಸಿದಳು. ತನ್ನಲ್ಲಿರುವುದು ಬರೀ ನಕಲು, ಅಸಲು ಹಜಾರದ ಕಂಪ್ಯೂಟರಿನಲ್ಲಿದೆ ಎಂದುಕೊಂಡಿದ್ದಳು. ಅವಳು ಅಳಿಸಿದ್ದೇ ಅಸಲು. ನೆಟ್‌ವರ್ಕಿನ ಮೂಲಕ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಬೀಳುವುದಿಲ್ಲ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಬೆಂಗಳೂರಿನವರೂ ಕೈಚೆಲ್ಲಿದರು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಅಂಗಾಯ್ತು," ಎನ್ನುತ್ತಾರೆ ಕಾವೇರಮ್ಮ. ಈ ಸಲ ನಗುವುದಿಲ್ಲ. "ಚಿಲಕ ಹಾಕದೆ ಹೋದೋಳು ನಾನು. ಬೈಸ್ಕೊಂಡಿದ್ದು ಆ ಮಗು. ಅವತ್ತಿಂದ ಅದು ಈ ಕಂಪ್ಯೂಟ್ರು ಮುಟ್ಟಿಲ್ಲ."

ಅಂದಿನಿಂದ ಅವರು ಹೋದ ಮನೆಯಲ್ಲೆಲ್ಲ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ಹಳೇ ಬೊಂಬೆ ಏನಾದರೂ ಇದೆಯೇ? ಆ ತಾತನ ಬೊಂಬೆಗಳಿಗೆ ತಳದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಹಳದಿ ಬಳೆಯ ಗುರುತು. ಕೋಡಿಹಳ್ಳಿಯ ತೊಟ್ಟಿಲೊಂದರಲ್ಲಿ ಗಿಳಿ ಸಿಕ್ಕಿತು. ಮಾಗಡಿಯ ನಾಗಲಕ್ಷ್ಮಮ್ಮನವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ಮುಚ್ಚಳವಾಗಿದ್ದ ಬುಗುರಿ ಸಿಕ್ಕಿತು. ಕಾವೇರಮ್ಮ ಅಳತೆ ತೆಗೆದು, ಫೋಟೊ ಹಿಡಿದು ತರುತ್ತಾರೆ. ವಾಸಿಂ ಮತ್ತೆ ನಕ್ಷೆ ಬರೆಯುತ್ತಾರೆ. ಏಳು ವರ್ಷಕ್ಕೆ ನೂರ ಅರವತ್ಮೂರು ನಕ್ಷೆ ಮರಳಿ ಬಂದಿವೆ. ಅವು ಇಂದು ಹೊಸ ಫೋಲ್ಡರಿಗೆ ಸೇರುತ್ತಿವೆ. ಗಿಳಿ, ಬುಗುರಿ, ಎತ್ತಿನಗಾಡಿ ಒಂದೊಂದಾಗಿ ಪರದೆಯ ಮೇಲೆ ಮೂಡುವುದನ್ನು ನೋಡುತ್ತಾ ಕೂತರೆ ನನಗೆ ಅರ್ಧ ನಿದ್ದೆಯಲ್ಲಿದ್ದಂತೆ ಅನಿಸುತ್ತದೆ.

"ಈಗ ಯೋಳಿ ಸಾಬ್ರೆ," ಎನ್ನುತ್ತಾರೆ ಕಾವೇರಮ್ಮ. "ನೋಡೋರು ಯಾರು, ತಿದ್ದೋರು ಯಾರು?"

"ನೋಡೋಕೆ ಎಲ್ರೂ. ತಿದ್ದೋಕೆ ವಾಸಿಂ."

"ಇನ್ಯಾರೂ ಬ್ಯಾಡ್ವಾ?"

ಶುಕೂರ್ ಸಾಬರು ಅಡುಗೆಮನೆ ಕಡೆ ತಿರುಗುತ್ತಾರೆ. ಬಾಗಿಲಲ್ಲಿ ಎರಡನೇ ಸುತ್ತಿನ ಚಹಾದ ತಟ್ಟೆ ಹಿಡಿದು ಅಸ್ರಾ ನಿಂತಿದ್ದಾಳೆ. ಈಗ ಇಪ್ಪತ್ನಾಲ್ಕು, ಮನೆಯ ಬೊಂಬೆಗಳಿಗೆಲ್ಲ ಬಣ್ಣ ಬೆರೆಸುವವಳು ಅವಳೇ. ಕಾವೇರಮ್ಮ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಾರೆ. ಗೆರೆ ಎಳೆಯುವುದು ಅವರ ಕೆಲಸ. ಎಲ್ಲಿ ಎಂದು ಹೇಳಬೇಕಾದವರು ಮನೆಯವರು.

"ಅಸ್ರಾ," ಎನ್ನುತ್ತಾರೆ ಶುಕೂರ್ ಸಾಬರು ಕೊನೆಗೆ. "ಬಾ ಬೇಟಾ. ನಿನ್ ಪಾಸ್‌ವರ್ಡ್ ಹಾಕು. ತಿದ್ದೋಕೆ ನೀನೂ ಇರು."

"ಬ್ಯಾಡ ಅಬ್ಬಾ. ನಂಗೆ ಭಯ."

"ಕೂತ್ಕೊ ಮಗಾ," ಎಂದು ಕಾವೇರಮ್ಮ ಕುರ್ಚಿ ಬಿಟ್ಟು ಏಳುತ್ತಾರೆ. "ಬೀರುನಲ್ಲಿ ಪೆನ್‌ಡ್ರೈವ್ನಾಗೆ ಇನ್ನೊಂದು ಪ್ರತಿ ಐತೆ. ಈ ಸಲ ತಪ್ಪಾಗಾಕೂ ಒಸಿ ಜಾಗ ಮಡಗಿವ್ನಿ."

ಚಹಾದ ತಟ್ಟೆ ನನ್ನ ಕೈಗೆ ಬರುತ್ತದೆ. ಅಸ್ರಾ ಕೂರುತ್ತಾಳೆ. ಕಾವೇರಮ್ಮ ಬಾಗಿಲ ಕಡೆ ತಿರುಗಿ ನಿಲ್ಲುತ್ತಾರೆ. ಹಿಂದೆ ಟಕಟಕ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಗುತ್ತದೆ. ಸೆರಗಿನಿಂದ ಅವರು ಕಣ್ಣೊರೆಸಿಕೊಳ್ಳುವುದು ಬಾಗಿಲ ಪಕ್ಕ ಕೂತ ನನಗೊಬ್ಬನಿಗೇ ಕಾಣುತ್ತದೆ.

ಹೊರಡುವ ಮುನ್ನ ಒಂದು ಕೊನೆಯ ಕೆಲಸ ಇದ್ದೇ ಇರುತ್ತದೆ. ಕಂಪ್ಯೂಟರಿನ ಯಜಮಾನಿಕೆಯನ್ನು ಶುಕೂರ್ ಸಾಬರ ಹೆಸರಿಗೆ ಮಾಡಿ, ಕೆಲಸಕ್ಕೆಂದು ಸೇರಿಸಿಕೊಂಡಿದ್ದ ತಮ್ಮ ಹೆಸರನ್ನು ಸಾಬರ ಕೈಯಲ್ಲೇ ಪಟ್ಟಿಯಿಂದ ತೆಗೆಸುತ್ತಾರೆ. ಮುನ್ನೂರು ಮನೆಗಳಲ್ಲಿ ಒಂದರಲ್ಲೂ ಅವರ ಹೆಸರು ಉಳಿದಿಲ್ಲ. "ಬಾಗ್ಲು ಮಾಡ್ಕೊಟ್ಟ ಆಚಾರಿ ಬೀಗದ ಕೈ ಇಟ್ಕತ್ತಾನಾ?" ಎಂದು ಕೇಳುತ್ತಾರೆ.

ಹೊರಗೆ ಮಂಜು ತೆಳುವಾಗಿದೆ. ಯಾವುದೋ ಮನೆಯಲ್ಲಿ ಮೊದಲ ಲೇತು ಗುಂಯ್ ಎನ್ನುತ್ತಿದೆ. ಸ್ಕೂಟರ್ ಹತ್ತಿದವರನ್ನು ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಇನ್ನ ಐವತ್ತೊಂದು ಬೊಂಬೆ ಸಿಕ್ಬೇಕು ಕಣಪ್ಪಾ. ತಳದಲ್ಲಿ ಹಳದಿ ಬಳೆ ಇರೋದು ಯಾರ ಮನೇಲಾದ್ರೂ ಇದ್ರೆ ಅಸ್ರಂಗೆ ಒಂದು ಮಾತು ತಿಳಿಸ್ಲಿ ಅಂತ ನಿಮ್ ಪೇಪರ್ನಾಗೆ ಹಾಕಿ. ಅವಳೇ ಫೋಲ್ಡರಿಗೆ ಸೇರಿಸ್ಕತ್ತಾಳೆ. ನನ್ ಹೆಸರು ಬ್ಯಾಡ."