ಸ್ಟಾಪ್‌ವಾಚ್ ಹಿಡಿದು ಮಗ್ಗದ ಮುಂದೆ

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮಗೊಂದು ಹೊಸ ವಿಷಯ ಗಂಟುಬಿತ್ತು. ಒಂದು ವಸ್ತುವನ್ನು ರೂಪಿಸುವ ಮೊದಲು ಅದನ್ನು ಬಳಸುವವರನ್ನು ಹೇಗೆ ಗಮನಿಸಿ ಅರಿಯಬೇಕು ಎಂಬುದು ಆ ಪಾಠ. ಎಪ್ಪತ್ತರ ದಶಕದ ಆರಂಭ, ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಪಾಠ ಮಾಡುತ್ತಿದ್ದ ಲೆಕ್ಚರರು ಆಗಷ್ಟೇ ವಿದೇಶದಿಂದ ಬಂದಿದ್ದರು, ಬಿರುಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. "ನೋಡುವವನು ಗೋಡೆಯ ಹಾಗೆ ಇರಬೇಕು. ಮಾತಾಡಬಾರದು, ಸಹಾಯ ಮಾಡಬಾರದು, ಮುಖದಲ್ಲೂ ಏನನ್ನೂ ತೋರಿಸಬಾರದು" ಎಂದರು. ನಾನು ಅದನ್ನು ದೇವರ ಅಪ್ಪಣೆಯೆಂಬಂತೆ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಆ ನೋಟ್‌ಬುಕ್ಕು ಈಗ ಕೈಗೆ ಸಿಕ್ಕಿದರೆ ನೇರ ಒಲೆಗೆ ಹಾಕುತ್ತೇನೆ.

ನಮ್ಮದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಅದರಲ್ಲಿ ಒಂದು ಕಿತ್ತುಹೋಗಿ, ಅದನ್ನು ಗಮನಿಸದೆ ನೇಯ್ದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಎಳೆ ಹೋದ ಕೂಡಲೇ ಟಿಣ್ ಎನ್ನುವ ಒಂದು ಪುಟ್ಟ ಗಂಟೆಯನ್ನು ಮಗ್ಗಕ್ಕೆ ಅಳವಡಿಸಬೇಕೆಂಬುದು ನನ್ನ ಪ್ರಾಜೆಕ್ಟು. ಲೆಕ್ಚರರು ಅಷ್ಟು ಸುಲಭಕ್ಕೆ ಒಪ್ಪುವವರೇ? "ಮೊದಲು ಗಂಟೆ ಬೇಕು ಅಂತ ತೋರಿಸು. ಎಳೆ ಎಷ್ಟು ಸಲ ಹೋಗುತ್ತದೆ, ಅದು ನೇಕಾರನ ಗಮನಕ್ಕೆ ಬರಲು ಎಷ್ಟು ಹೊತ್ತು ಬೇಕು, ಅಳೆದು ತಾ. ಆಮೇಲೆ ವರ್ಕ್‌ಶಾಪಿನ ಮಾತು" ಎಂದರು. ರಿಜಿಸ್ಟರಿನಲ್ಲಿ ಸಹಿ ಹಾಕಿ ಸ್ಟಾಪ್‌ವಾಚ್ ಪಡೆದುಕೊಂಡು, ಸೈಕ್ಲೋಸ್ಟೈಲ್ ಮಾಡಿದ ಫಾರಮ್ಮುಗಳ ಕಟ್ಟಿನೊಂದಿಗೆ ಒಂದು ವಾರದ ರಜೆಗೆ ಊರಿನ ಬಸ್ಸು ಹತ್ತಿದೆ.

ಮರುದಿನ ಅಪ್ಪ ಮಗ್ಗದ ಗುಂಡಿಗೆ ಇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಯಾವಾಗಲೂ ಬರಿಮೈಯಲ್ಲಿ ಹೆಗಲಿಗೊಂದು ಟವೆಲು ಹಾಕಿಕೊಂಡು ನೇಯುವ ಮನುಷ್ಯ ಅಂದು ಒಗೆದ ಅಂಗಿ ತೊಟ್ಟು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದ.

"ಯಾಕಪ್ಪಾ ಅಂಗಿ?"

"ನೀನು ಬರ್ದದ್ದ ನಿಮ್ ಸಾರು ಓದ್ತಾರಲ್ವಾ, ಅದ್ಕೆ ಕಣ್ಲಾ."

ಮೂರು ದಿನ ಕೂತೆ. ಮೂರು ದಿನವೂ ಸೊನ್ನೆ. ಎಳೆ ಹೋಗುತ್ತಿರಲಿಲ್ಲವೆಂದಲ್ಲ. ಅವ್ವ ಅಪ್ಪನ ಎಡಗಡೆ ಮಣೆ ಹಾಕಿಕೊಂಡು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಕೂತಿರುತ್ತಿದ್ದಳು. ನಾನು ವಾಚಿನ ಗುಂಡಿ ಒತ್ತುವಷ್ಟರಲ್ಲಿ ಅವಳು "ಇಲ್ನೋಡಿ" ಎಂದು ಬೆರಳಿಟ್ಟು ತೋರಿಸಿರುತ್ತಿದ್ದಳು. ಅಪ್ಪ ಲಾಳಿ ನಿಲ್ಲಿಸುತ್ತಿದ್ದ, ಅವಳೇ ಎಳೆಯನ್ನು ಹೊಸೆದು ಕೂಡಿಸುತ್ತಿದ್ದಳು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಫಾರಮ್ಮಿನಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ನಾಲ್ಕನೆಯ ದಿನ ನನ್ನ ತಾಳ್ಮೆ ತಪ್ಪಿತು.

"ಅವ್ವಾ, ನೀನಿಲ್ಲಿದ್ರೆ ನನ್ ಕೆಲ್ಸ ಎಲ್ಲಾ ಕೆಡ್ತದೆ. ಒಂದು ಮಗ್ಗಕ್ಕೆ ಒಬ್ಬ ನೇಕಾರ ಅಂತ ಫಾರಮ್ಮಲ್ಲಿ ಅದೆ. ನಾಳೆ ಯಳಂದೂರ್ಗೆ ಓಗಿ ಚಿಕ್ಕವ್ವನ್ನ ನೋಡ್ಕಂಡ್ ಬಾ."

ಅವ್ವ ಅಪ್ಪನ ಮುಖ ನೋಡಿದಳು. "ನಿಮ್ಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಒಂದಿನ ತಾನೆ, ಓಗ್ ಬಾ. ಮಗನ ಪರೀಕ್ಷೆ ಇಸ್ಯ" ಎಂದ ಅಪ್ಪ.

ಬೆಳಿಗ್ಗೆ ಬಸ್ಸಿಗೆ ಹೊರಟವಳು ಬೀದಿಯ ತಿರುವಿನಲ್ಲಿ ನಿಂತು ಎರಡು ಸಲ ಹಿಂತಿರುಗಿ ನೋಡಿದಳು. ಹೆಂಗಸರಿಗೆ ಮನೆಬಿಟ್ಟು ಹೋಗಲು ಮನಸ್ಸೇ ಬರುವುದಿಲ್ಲ ಎಂದುಕೊಂಡು ನಾನು ಒಳಗೆ ಬಂದೆ.

ಹೊತ್ತು ಏರುತ್ತಿದ್ದಂತೆ ಒಂದು ಎಳೆ ಹೋಯಿತು. ಅದರ ತುದಿ ಸುರುಳಿ ಸುತ್ತಿಕೊಂಡದ್ದು ನನಗೆ ಚೆನ್ನಾಗಿ ಕಂಡಿತು. ಗುಂಡಿ ಒತ್ತಿದೆ. ಸುಳ್ಳು ಯಾಕೆ ಹೇಳಲಿ, ಆಗ ಬಹಳ ಖುಷಿಯಾಯಿತು. ಐದು ದಿನಕ್ಕೆ ಕೊನೆಗೂ ಒಂದು ಸಿಕ್ಕಿತಲ್ಲ! ಅಪ್ಪ ನೇಯುತ್ತಲೇ ಇದ್ದ. ಒಂದು ನಿಮಿಷವಾಯಿತು. ಈಗ ನೋಡುತ್ತಾನೆ, ಇನ್ನೇನು ನೋಡಿಬಿಡುತ್ತಾನೆ ಎಂದು ಕಾದೆ. ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇತ್ತು. ಮೂರು ನಿಮಿಷಕ್ಕೆ "ಅಪ್ಪಾ" ಎಂಬ ಮಾತು ಗಂಟಲಿಗೆ ಬಂತು. ಗೋಡೆ ಮಾತಾಡಬಾರದಲ್ಲ, ನುಂಗಿಕೊಂಡೆ. ಐದನೇ ನಿಮಿಷಕ್ಕೆ ವಾಚಿನಿಂದ ಕಣ್ಣೆತ್ತಿ ಅವನ ಮುಖ ನೋಡಿದೆ. ಅಪ್ಪ ಬಟ್ಟೆಯನ್ನು ನೋಡುತ್ತಲೇ ಇರಲಿಲ್ಲ. ಅವನ ಮುಖ ಎಡಕ್ಕೆ, ಅವ್ವ ಕೂರುವ ಮಣೆಯ ಕಡೆಗೆ ಸ್ವಲ್ಪ ವಾಲಿತ್ತು. ಕಿವಿ ಅಲ್ಲೇ ಇತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ನೇಯ್ದದ್ದನ್ನು ಸುತ್ತಲು ಅಪ್ಪ ಕೈ ನಿಲ್ಲಿಸಿ ಬಟ್ಟೆಯ ಮೇಲೆ ಅಂಗೈ ಆಡಿಸಿದ. ಬೆರಳು ಒಂದು ಕಡೆ ನಿಂತಿತು. ಮತ್ತೆ ಸವರಿ ನೋಡಿದ. ನಾನು ವಾಚು ನಿಲ್ಲಿಸಿದೆ.

"ಎಳೆ ಕಿತ್ತೋಗ್ಯದಾ?"

"ಹೂಂ."

"ಯಾವಾಗ್ಲಿಂದ?"

"ಏಳು ನಿಮಿಷ ಆಯ್ತಪ್ಪ."

"ನೀನು ನೋಡ್ದ್ಯಾ?"

"ನೋಡ್ದೆ."

ಅಪ್ಪ ನಾಲ್ಕು ಬೆರಳಗಲ ನೇಯ್ದಿದ್ದನ್ನು ಒಂದೊಂದೇ ಎಳೆಯಾಗಿ ಬಿಚ್ಚತೊಡಗಿದ. ನಾನು ಫಾರಮ್ಮು ಎಸೆದು ಹತ್ತಿರ ಹೋಗಿ ಕೈ ಹಾಕಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ. "ನೀನು ಬರ್ಕೋ ಓಗು" ಎಂದ.

ಸಂಜೆ ಅವ್ವ ಬಂದವಳೇ ಬಟ್ಟೆ ನೋಡಿದಳು. ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಆಪರೇಷನ್ ಎಂದರೆ ಅವನಿಗೆ ಭಯ. ನೂಲು ಕೊಡುವ ಸಾಹುಕಾರನಿಗೆ ತಿಳಿದರೆ ಮತ್ತೆ ಹಾಸು ಕೊಡುವುದಿಲ್ಲ, ಓದುವ ಮಗನಿಗೆ ತಿಳಿದರೆ ಓದು ಕೆಡುತ್ತದೆ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. "ಅದ್ಕೇ ಕಣ್ಲಾ ನಾನು ಪಕ್ದಲ್ ಕೂರೋದು" ಎಂದಳು. ನನಗೆ ಅವರಿಬ್ಬರ ಮೇಲೂ ಸಿಟ್ಟು ಬಂತು. ನನ್ನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ರಾತ್ರಿ ಉಣ್ಣದೆ ಮಲಗಿದೆ.

ಮೈಸೂರಿನಲ್ಲಿ ಲೆಕ್ಚರರು ಫಾರಮ್ಮುಗಳನ್ನು ತಿರುವಿ ಹಾಕಿದರು. "ಎಲ್ಲ ದಿನ ಸೊನ್ನೆ, ಒಂದು ದಿನ ಮಾತ್ರ ಏಳು ನಿಮಿಷ. ಏಕೆ?"

ಹೇಳಿದೆ. ಅಪ್ಪನ ಕಣ್ಣಿನ ವಿಷಯ ಹೊರಗಿನವರೊಬ್ಬರಿಗೆ ಬಾಯಿಬಿಟ್ಟದ್ದು ಅದೇ ಮೊದಲು.

"ಹಾಗಾದರೆ ಇವರು ಸಾಮಾನ್ಯ ನೇಕಾರರಲ್ಲ" ಎಂದು ಕೆಂಪು ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿದರು. "ಗಂಟೆಯ ಅಗತ್ಯ ಸಾಬೀತಾಗಲಿಲ್ಲ."

"ಸಾರ್, ಗಂಟೆ ಬೇಕಾಗಿರೋದೇ ಅವರಿಗೆ" ಎಂದೆ. ನನ್ನ ದನಿ ಏರಿತ್ತು.

"ಅದು ನಿನ್ನ ಸಂಕಟ, ವಿಧಾನ ಬೇರೆ" ಎಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ಮೆಚ್ಚಿಕೊಂಡರು. "ಆದರೆ ಸ್ವಂತ ತಂದೆಯೆದುರು ಏಳು ನಿಮಿಷ ಮಾತಾಡದೆ ಕೂತೆಯಲ್ಲ, ಗಮನಿಸುವವನು ಹಾಗಿರಬೇಕು." ಅದಕ್ಕೇ ಒಳ್ಳೆಯ ಅಂಕ ಕೊಟ್ಟರು. ಆ ಕೆಂಪು ಗೆರೆಗಿಂತ ಆ ಅಂಕಗಳೇ ನನ್ನ ಹೊಟ್ಟೆ ಉರಿಸಿದವು.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಪ್ಪ ಬರಿಮೈಯಲ್ಲಿ ನೇಯುತ್ತಿದ್ದ. ಅವ್ವ ಎಡಗಡೆಯ ಮಣೆಯ ಮೇಲಿದ್ದಳು. ನನ್ನೊಳಗಿನ ಕುದಿ ಇನ್ನೂ ಆರಿರಲಿಲ್ಲ. ಮಗ್ಗದ ಎದುರು ಕೂತು ಲೆಕ್ಚರರನ್ನು, ಫಾರಮ್ಮನ್ನು, ಕೆಂಪು ಪೆನ್ಸಿಲನ್ನು ಮನಸಾರೆ ಬೈದೆ.

"ಅದೊಂದ್ ಸಾಲು ಒಡ್ದಾಕ್ದೆ ಇದ್ದಿದ್ರೆ ನಿಂಗೆ ಗಂಟೆ ಮಾಡ್ಕೊಡ್ತಿದ್ದೆ ಕಣಪ್ಪ. ಎಳೆ ಓದೇಟ್ಗೆ ಟಿಣ್ ಅಂತಿತ್ತು."

ಅಪ್ಪ ಲಾಳಿ ನಿಲ್ಲಿಸಿದ. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಗಂಟೆ ಯಾಕ್ಲಾ ಬೇಕಾಗಿತ್ತು?" ಎಂದ. "ನೀನು ಅಲ್ಲೇ ಕೂತಿದ್ಯಲ್ಲ."