ಹೊಸ ಕಾರು ಕಾದವಳು

ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಯಾರು ಹೊಸ ಕಾರು ಕೊಳ್ಳಲು ಹೊರಟರೂ ಮೊದಲು ನಮ್ಮ ಯಜಮಾನರನ್ನು ಕೇಳಲು ಬರುತ್ತಾರೆ. ಪಡಸಾಲೆಯಲ್ಲಿ ಅವರ ಉಪದೇಶ ಮುಗಿದ ಮೇಲೆ, ಬಂದವರ ಮನೆಯ ಹೆಂಗಸರು ಮೆಲ್ಲಗೆ ಅಡುಗೆಮನೆಗೆ ಬಂದು ನನ್ನನ್ನು ಕೇಳುತ್ತಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಅದರೊಳಗೆ ಕೂತು ಕಳೆದ ತಾಸುಗಳನ್ನು ಹಿಡಿದರೆ ಯಜಮಾನರಿಗಿಂತ ನನ್ನದೇ ಹೆಚ್ಚು. ಹಾಗಾಗಿ ನಾಲ್ಕು ಮಾತು ಹೇಳುವ ಅಧಿಕಾರ ನನಗೂ ಇದೆ.

ಕೊಳ್ಳುವಾಗಿನ ಜಾಣತನವೆಲ್ಲ ಅವರದೇ, ಅದನ್ನು ಒಪ್ಪಬೇಕು. ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಆಯುಷ್ಯ ಕಳೆದವರು. ಚೀಲದ ಮೇಲಿನ ಹತ್ತಿ ನೋಡಿ ಮರುಳಾಗುವವರಲ್ಲ, ಮೊಣಕೈವರೆಗೆ ಒಳಗೆ ಕೈ ಹಾಕಿ ನಡುವಿನದನ್ನು ಎಳೆದು ನೋಡುವವರು. ಕಾರನ್ನೂ ಹಾಗೇ ನೋಡಿದರು. ಶೋರೂಮಿನ ದೀಪದಡಿ ಎಲ್ಲ ಕಾರೂ ಮದುಮಗಳ ಹಾಗೆ ಹೊಳೆಯುತ್ತವೆ, ಹೊರಗೆ ಬಿಸಿಲಿಗೆ ತನ್ನಿ ಎಂದು ತರಿಸಿದರು. ಬಾಗಿಲ ಮೂಲೆಗಳಲ್ಲಿ ಬಣ್ಣ ಒಂದೇ ಸಮ ಇದೆಯೇ ಎಂದು ಬಗ್ಗಿ ನೋಡಿದರು. ಅದು ಯಾವ ತಿಂಗಳು ತಯಾರಾದದ್ದು ಎಂದು ಕೇಳಿ, ಹೇಳಿದ್ದನ್ನು ನಂಬದೆ ಚಾಸಿ ನಂಬರು ಓದಿಸಿದರು. ಟೈರಿನ ಪಕ್ಕ ಅಚ್ಚಾದ ಅಂಕಿಯನ್ನೂ ಬಿಡಲಿಲ್ಲ, ಅದು ಟೈರಿನ ಜಾತಕವಂತೆ. ಡಿಕ್ಕಿಯ ತಳ ಎತ್ತಿಸಿ ಸ್ಟೆಪ್ನಿ ಮತ್ತು ಜಾಕು ಕಣ್ಣಾರೆ ಕಂಡರು. ಕೀಲಿ ಎರಡೂ ಕೈಗೆ ಬಂದ ಮೇಲೆಯೇ ಸಹಿ ಮಾಡಿದರು. ಒಂದು ಕೀಲಿ ಅವರ ಜೇಬಿಗೆ ಹೋಯಿತು. ಇನ್ನೊಂದು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಕೂತಿತು.

ಕಾರು ಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಮಗಳಿಗೆ ಗಂಡು ನೋಡುವ ಕಾಲ ಬಂದಿತ್ತು. ಸ್ಕೂಟರಿನ ಹಿಂದೆ ಕೂತು, ತಲೆಯ ತುಂಬ ಧೂಳು ಹೊತ್ತು ಬೀಗರ ಮನೆಯ ಬಾಗಿಲಿಗೆ ಹೋಗಲಾರೆ ಎಂದು ಎರಡು ವರ್ಷ ಅವರ ತಲೆ ತಿಂದಿದ್ದೆ.

ಬಂದ ದಿನವೇ ಪೂಜೆ. ವಿಭೂತಿ ಪಟ್ಟೆಯನ್ನು ಗಾಜಿನ ಮೇಲೆ ಬಳಿಯಿರಿ, ಬಾನೆಟ್ಟಿನ ಮೇಲೆ ಬೇಡ, ಒರೆಸುವಾಗ ಬಣ್ಣಕ್ಕೆ ಗೀರು ಬೀಳುತ್ತದೆ. ಇದು ನಮಗೆ ಮರುದಿನ ಗೊತ್ತಾಯಿತು. ಹುಬ್ಬಳ್ಳಿಯ ಧೂಳನ್ನು ಒಣ ಬಟ್ಟೆಯಿಂದ ಎಂದೂ ಒರೆಸಬೇಡಿ, ಮೊದಲು ನೀರು ಸುರಿದು ಧೂಳನ್ನು ಇಳಿಸಿ. ಹಕ್ಕಿ ಹಿಕ್ಕೆ ಹಾಕಿದ್ದರೆ ಕೆರೆಯದೆ, ಹಸಿ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟು ಎತ್ತಿ. ಟೈರಿಗೆ ಗಾಳಿಯನ್ನು ಮುಂಜಾನೆ, ಗಾಡಿ ತಣ್ಣಗಿರುವಾಗ ನೋಡಿಸಿ. ತೊಳೆದ ಕಾರಿಗೆ ಹಸಿ ಇರುವಾಗಲೇ ಹೊದಿಕೆ ಹಾಕಬೇಡಿ. ಇಲಿ ಬಾರದಿರಲೆಂದು ಯಜಮಾನರು ಬಾನೆಟ್ಟಿನೊಳಗೆ ತಂಬಾಕಿನ ಎಲೆಯ ಗಂಟು ಕಟ್ಟಿದ್ದರು. ಇಲಿ ಬಂತು, ವೈರು ಕಡಿಯಿತು, ತಂಬಾಕನ್ನು ಮೂಸಿಯೂ ನೋಡಲಿಲ್ಲ. ನನಗೆ ಮಾತ್ರ ಒಂದು ತಿಂಗಳು ತಲೆನೋವು. ಅದರ ಬದಲು ಗಾಡಿಯನ್ನು ಎರಡು ದಿನಕ್ಕೊಮ್ಮೆಯಾದರೂ ಹೊರಗೆ ತೆಗೆಯಿರಿ.

ಎಲ್ಲಕ್ಕಿಂತ ಮೊದಲು ಸೀಟಿನ ಪ್ಲಾಸ್ಟಿಕ್ ಕಿತ್ತೆಸೆಯಿರಿ. ನಮ್ಮಲ್ಲಿ ಅದು ಹಾಗೇ ಉಳಿಯಿತು, ಸೀಟು ಹೊಸದಾಗಿರಬೇಕಲ್ಲ. ಬೇಸಿಗೆಯಲ್ಲಿ ಅದರ ಮೇಲೆ ತಾಸುಗಟ್ಟಲೆ ಕೂತು ನೋಡಿ, ಏಳುವಾಗ ಸೀರೆ ಬೆನ್ನಿಗಂಟಿ ಚರ್ ಎಂದು ಸದ್ದಾಗುತ್ತದೆ. ತಾಸುಗಟ್ಟಲೆ ಯಾಕೆ ಕೂತೆ ಎಂದರೆ, ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲ ಸಲ ಕಾರಿನಲ್ಲಿ ದುರ್ಗದಬೈಲಿನ ಪೇಟೆಗೆ ಹೋದಾಗ ನಿಲ್ಲಿಸಲು ಜಾಗವಿರಲಿಲ್ಲ. ಒಂದು ಅಂಗಡಿಯ ಎದುರು ಹೇಗೋ ನುಗ್ಗಿಸಿದರು. ಸುತ್ತ ತಳ್ಳುಗಾಡಿಗಳು, ಬೈಕುಗಳು, ತಲೆಯ ಮೇಲೆ ಗಂಟು ಹೊತ್ತ ಹಮಾಲರು. ಯಾರಾದರೂ ಕಾರಿಗೆ ತಾಗಿಸಿಯಾರು ಎನಿಸಿತು. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೇನಿ" ಎಂದೆ. ಹೌದು, ನಾನೇ ಅಂದೆ. ಯಜಮಾನರಿಗೆ ಅದು ಬಹಳ ಹಿಡಿಸಿತು.

"ಛಲೋ ಆತು. ಗಾಡ್ಯಾಗ ಮಂದಿ ಕುಂತಿದ್ರ ಪೊಲೀಸ್ರು ಎತ್ಕೊಂಡು ಹೋಗಂಗಿಲ್ಲ" ಎಂದರು. "ಐದ ಮಿನಿಟು, ಬಂದೇ ಬಿಟ್ಟೆ."

ಅವರ ಐದು ಮಿನಿಟು ಎಂದರೆ ಎಷ್ಟು ಎನ್ನುವುದು ಅಂದು ಗೊತ್ತಾಯಿತು. ಅಂದಿನಿಂದ ಅದೇ ರೂಢಿಯಾಯಿತು. ಸಂತೆಗೆ ಹೋದರೆ ನಾನು ಕಾರಿನಲ್ಲಿ, ಮಠಕ್ಕೆ ಹೋದರೆ ಕಾರಿನಲ್ಲೇ ಕೂತು ಶಿಖರಕ್ಕೆ ಕೈ ಮುಗಿಯುವುದು. ಉಪ್ಪಿನಬೆಟಗೇರಿಯ ನನ್ನ ತವರಿಗೆ ಹೋದಾಗಲೂ ಎಮ್ಮೆಗಳು ಬಂದು ಮೈ ತಿಕ್ಕುತ್ತವೆ ಎಂದು ನನ್ನನ್ನು ಒಳಗೇ ಕೂರಿಸಿದರು. ನನ್ನ ಅಣ್ಣನ ಹೆಂಡತಿ ಚಹಾದ ಕಪ್ಪನ್ನು ಕಿಟಕಿಯಲ್ಲಿ ಕೊಟ್ಟು ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ನಾನು ಹುಟ್ಟಿದ ಮನೆಯ ಹೊಸ್ತಿಲು ಹತ್ತು ಹೆಜ್ಜೆಯಲ್ಲಿತ್ತು.

ಒಂದು ಸಲ ಮಾತ್ರ ಇಳಿದಿದ್ದೆ. ಸ್ಟೀಲಿನ ಡಬ್ಬಿ ಆರಿಸಲು ಅಂಗಡಿಯೊಳಗೆ ಹೋಗಿ ಬರುವುದರಲ್ಲಿ ಯಾವುದೋ ತಳ್ಳುಗಾಡಿ ಹಿಂದಿನ ಬಾಗಿಲಿಗೆ ಗೇಣುದ್ದ ಗೀರು ಎಳೆದು ಹೋಗಿತ್ತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ಅವರು ಆ ಗೀರನ್ನು ಬೆರಳಿನಿಂದ ಸವರಿ, "ನೀ ಒಳಗ ಇದ್ದಿದ್ರ ಇದು ಆಗ್ತಿರಲಿಲ್ಲ" ಎಂದರು, ಅಷ್ಟೇ. ಆ ಒಂದು ಮಾತು ನನ್ನನ್ನು ಸೀಟಿಗೆ ಕಟ್ಟಿಹಾಕಿತು. ಮುಂದೆ ಇಳಿಯಬೇಕೆನಿಸಿದಾಗಲೆಲ್ಲ ಆ ಗೀರು ಕಣ್ಣ ಮುಂದೆ ಬರುತ್ತಿತ್ತು. ಕಾರು ಓಡಿಸಲು ಕಲಿಯುತ್ತೇನೆಂದು ಒಮ್ಮೆ ಕೇಳಿದೆ. "ಹೊಸಾ ಗಾಡಿ ಮ್ಯಾಲ ಬ್ಯಾಡ" ಎಂದರು. ಹೊಸತನ ಯಾವಾಗ ಮುಗಿಯುತ್ತದೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಮೈ ಮೇಲೆ ಬಂಗಾರವಿರುತ್ತದೆ ಎಂದು ಅವರು ಹೊರಗಿನಿಂದ ರಿಮೋಟು ಒತ್ತಿ ಲಾಕು ಮಾಡಿ ಹೋಗುತ್ತಿದ್ದರು. ಹಾಗೆ ಲಾಕಾದ ನಮ್ಮ ಕಾರಿನ ಬಾಗಿಲನ್ನು ಒಳಗಿನಿಂದ ತೆಗೆದರೆ ಕಾರು ಅದನ್ನು ಕಳ್ಳತನವೆಂದು ತಿಳಿದು ಬೊಬ್ಬೆ ಹೊಡೆಯುತ್ತದೆ. ಗೊತ್ತಿಲ್ಲದೆ ಒಮ್ಮೆ ತೆಗೆದಿದ್ದೆ. ಇಡೀ ಬಜಾರು ತಿರುಗಿ ನನ್ನನ್ನೇ ನೋಡಿದಾಗ ನಾಚಿಕೆಯಿಂದ ಸತ್ತು ಹೋದೆ. ಆಮೇಲೆ ಹಿಡಿಕೆ ಮುಟ್ಟಲೇ ಇಲ್ಲ. ಕಿಟಕಿ ನಾಲ್ಕು ಬೆರಳು ಇಳಿಸಿ ಹೋಗಿರುತ್ತಿದ್ದರು, ಪೂರ್ತಿ ಇಳಿಸಬೇಕೆಂದರೆ ಕೀಲಿ ಬೇಕು. ಆದ್ದರಿಂದ ಇದು ನನ್ನ ದೊಡ್ಡ ಸಲಹೆ, ಜೀವವಿರುವ ಯಾರನ್ನೂ ಒಳಗಿಟ್ಟು ಕಾರು ಲಾಕು ಮಾಡಬೇಡಿ.

ಮಗಳ ಮದುವೆ ನಿಶ್ಚಯವಾಯಿತು. ಮದುವೆಗೆ ಮೊದಲು ಎರಡೂ ಕಡೆಯವರು ಕೂಡಿ ಅಂಗಡಿಗೆ ಹೋಗಿ ಬಟ್ಟೆ ಆರಿಸುತ್ತಾರೆ, ನಾವು ಅದಕ್ಕೆ ಜವಳಿ ಎನ್ನುತ್ತೇವೆ. ನನ್ನ ಜವಳಿಯಲ್ಲಿ ನನ್ನ ಅವ್ವ ಅಂಗಡಿಯ ಗಾದಿಯ ಮೇಲೆ ಕೂತು ಇಡೀ ಮಧ್ಯಾಹ್ನ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಒಂದು ಸೀರೆಯನ್ನು ನನ್ನ ಹೆಗಲ ಮೇಲೆ ಹರವಿ, ಗದ್ದ ಎತ್ತಿ ನೋಡಿ, "ಇದ ಇರಲಿ" ಎಂದಳು. ಅದೇ ಆಯಿತು, ಗಂಡಿನ ಕಡೆಯವರೂ ಎದುರಾಡಲಿಲ್ಲ. ನನ್ನ ಮಗಳು ಹುಟ್ಟಿದಾಗಿನಿಂದ ಆ ಮಾತನ್ನು ನಾನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಬೇರೆ ಏನೂ ಬೇಕಿರಲಿಲ್ಲ ನನಗೆ.

ಜವಳಿಯ ದಿನ ದುರ್ಗದಬೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆ ಅಂಗಡಿಯ ಎದುರಿಗೇ ಕಾರು ನಿಲ್ಲಿಸಿದ ಯಜಮಾನರು ಹಿಂದೆ ತಿರುಗಿ ನನ್ನನ್ನು ನೋಡಿದರು. ಬೀಗರು ಆಗಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

"ಇವತ್ತರ ಬಿಡ್ರಿ" ಎಂದೆ.

"ಬೀಗರನ್ನ ಒಳಗ ಕುಂದ್ರಿಸಿ, ಬ್ಯಾರೆ ಕಡೆ ಜಾಗಾ ನೋಡಿ ಗಾಡಿ ಹಚ್ಚತೇನಿ. ಐದ ಮಿನಿಟು" ಎಂದು ಅವರು ಮಗಳನ್ನು ಕರೆದುಕೊಂಡು ಇಳಿದರು. ಹೋಗುತ್ತಾ ಹೋಗುತ್ತಾ ಬೆನ್ನ ಹಿಂದೆ ಕೈ ಮಾಡಿ ರಿಮೋಟು ಒತ್ತಿದರು. ಅವರಿಗೆ ಗೊತ್ತೇ ಆಗಲಿಲ್ಲ, ಕೈಗೆ ಅಷ್ಟು ರೂಢಿ.

ಕಾರಿನೊಳಗಿಂದ ಅಂಗಡಿಯ ಗಾಜು ಕಾಣುತ್ತಿತ್ತು. ಗಾಜಿನ ಹಿಂದೆ ಸೀರೆ ಉಟ್ಟ ಗೊಂಬೆ, ಗೊಂಬೆಯ ಹಿಂದೆ ನನ್ನ ಮಗಳ ಬೆನ್ನು. ಅಂಗಡಿಯವನು ಒಂದೊಂದೇ ಸೀರೆಯನ್ನು ಝಾಡಿಸಿ ಬಿಚ್ಚುತ್ತಿದ್ದ. ಹಸಿರು ಬಂತು, ಹಳದಿ ಬಂತು, ಮತ್ತೆ ಯಾವುದೋ ಕೆಂಪು. ಅವಳ ಮುಖ ಕಾಣಲು ನಾನು ಸೀಟಿನಲ್ಲಿ ಆಚೆ ಸರಿದೆ, ಈಚೆ ಸರಿದೆ. ಎಲ್ಲಿ ಸರಿದರೂ ಆ ಹಾಳು ಗೊಂಬೆ ಅಡ್ಡ. ಬೆನ್ನಿನಡಿ ಪ್ಲಾಸ್ಟಿಕ್ ಒದ್ದೆಯಾಗಿತ್ತು. ಫೋನು ಮಾಡಿದೆ. "ಮುಗೀತ, ಬಂದೇ ಬಿಟ್ವಿ" ಎಂದರು. ಅರ್ಧ ತಾಸಿನ ಮೇಲೆ ಮತ್ತೆ ಮಾಡಿದೆ, ಎತ್ತಲಿಲ್ಲ. ಮಗಳಿಗೆ ಮಾಡಿದರೆ ಅವಳ ಫೋನು ನನ್ನ ಪಕ್ಕದ ಸೀಟಿನಲ್ಲೇ ಅವಳ ಬ್ಯಾಗಿನೊಳಗೆ ಬಡಿದುಕೊಂಡಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕಾರಿನ ಪಕ್ಕ ಬುಟ್ಟಿ ಇಟ್ಟುಕೊಂಡು ಹೂ ಮಾರುತ್ತಿದ್ದ ಹೆಂಗಸು ಬಹಳ ಹೊತ್ತಿನಿಂದ ನನ್ನನ್ನು ನೋಡುತ್ತಿದ್ದಳು. ಎದ್ದು ಬಂದು ಕಿಟಕಿಯ ಸಂದಿಗೆ ಬಾಯಿ ತಂದಳು.

"ಯಾಕ್ರಿ ಅಕ್ಕಾರ, ಆರಾಮ ಇಲ್ಲೇನ್ರಿ?"

"ಆರಾಮ ಅದೇನಿ ಯವ್ವಾ. ಗಾಡಿ ಕಾಯಾಕತ್ತೇನಿ."

"ಮನಿ ಮಂದಿ ಎಲ್ಲಿ ಹೋಗ್ಯಾರ?"

"ಅಲ್ಲಿ, ಎದುರಿನ ಅಂಗಡ್ಯಾಗ. ನನ್ನ ಮಗಳ ಜವಳಿ ನಡದೈತಿ."

ಅವಳು ಅಂಗಡಿಯ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು. "ಮಗಳ ಜವಳಿ ಅಂತೀರಿ, ನೀವು ಇಲ್ಲಿ ಕುಂತೀರಿ."

"ಬಾಗಿಲಾ ತಗದ್ರ ಗಾಡಿ ಒದರ್ತೈತಿ."

"ಒದರಲಿ ಬಿಡ್ರಿ. ನಾ ಮುಂಜಾನಿಂದ ಸಂಜಿತನಾ ಇಲ್ಲೇ ಒದರ್ತೇನಿ, ಯಾರ ಹೊಳ್ಳಿ ನೋಡ್ತಾರ?" ಎಂದು ಅವಳು ತನ್ನ ಬುಟ್ಟಿಯ ಕಡೆ ಹೋದಳು.

ನಾನು ಹಿಡಿಕೆ ಎಳೆದೆ. ಕಾರು ಒದರತೊಡಗಿತು. ಹಿಂದಿನ ಸಲದ ಹಾಗೇ ಜನ ತಿರುಗಿ ನೋಡಿದರು. ಬಾಗಿಲು ಮುಚ್ಚಲಿಲ್ಲ. ಮಗಳ ಬ್ಯಾಗು ಎತ್ತಿಕೊಂಡು ರಸ್ತೆ ದಾಟಿದೆ. ಅಂಗಡಿಯಿಂದ ಯಜಮಾನರು ಬರಿಗಾಲಲ್ಲಿ ಓಡಿ ಬಂದರು. ನನ್ನ ಮಗ್ಗುಲಿಂದಲೇ ದಾಟಿ ಹೋಗಿ ಕಾರನ್ನು ಒಂದು ಸುತ್ತು ಹಾಕಿದರು, ಹಿಂದಿನ ಬಾಗಿಲನ್ನು ಸವರಿದರು. ಆಮೇಲೆ ಅಲ್ಲಿಂದಲೇ ಕೇಳಿದರು, "ಏನಾತು? ಯಾರರ ಮುಟ್ಟಿದ್ರೇನು?"

"ನಾನ ಮುಟ್ಟೇನಿ" ಎಂದು ಮೆಟ್ಟಿಲು ಹತ್ತಿದೆ.

ಒಳಗೆ ಬೀಗತಿ, ಅಂದರೆ ಹುಡುಗನ ತಾಯಿ, ಗಾದಿಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಒಳ್ಳೆಯ ಹೆಂಗಸು, ಮಾತಿನಲ್ಲಿ ಕೊಂಕಿಲ್ಲ. "ಬರ್ರಿ ಅಕ್ಕಾರ. ನಿಮಗ ಇದೆಲ್ಲಾ ಬ್ಯಾಸರಂತ, ಗಾಡ್ಯಾಗ ಕುಂದ್ರೂದ ಸೇರತೈತಂತ ನಿಮ್ಮ ಯಜಮಾನ್ರು ಅಂದ್ರು. ಅದಕ್ಕ ಧಾರಿ ಸೀರಿ ನಾವ ಆರಿಸಿಬಿಟ್ವಿರಿ."

ಧಾರೆಯ ಸೀರೆ ಮಡಿಸಿ ಡಬ್ಬಿ ಸೇರಿತ್ತು. ಮಗಳು ತಲೆ ತಗ್ಗಿಸಿ, "ನೀನ ಹಂಗ ಅಂದಿಯಂತಲ್ಲವಾ" ಎಂದಳು. ಯಜಮಾನರು ಸುಳ್ಳು ಹೇಳಿರಲಿಲ್ಲ, ಅದೇ ದೊಡ್ಡ ಸಂಕಟ. ಮೊದಲ ದಿನ ನಾನೇ ಕೂರುತ್ತೇನೆಂದವಳು, ಆಮೇಲೆ ಒಮ್ಮೆಯೂ ಗಟ್ಟಿಯಾಗಿ ಒಲ್ಲೆ ಎನ್ನದವಳು. ನನಗೆ ಅದು ಸೇರುತ್ತದೆ ಎಂದು ಅವರು ಖರೇನೇ ನಂಬಿದ್ದರು.

ಕೂರಲು ಹೋದಾಗ ಕಂಡಿತು, ಗಡಿಬಿಡಿಯಲ್ಲಿ ಅವರು ಬಿಟ್ಟು ಓಡಿದ ಕಾರಿನ ಕೀಲಿ ಗಾದಿಯ ಮೇಲೆ ಸೀರೆಯ ಡಬ್ಬಿಯ ಪಕ್ಕದಲ್ಲಿತ್ತು. ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಕೂತೆ.

"ಬಿಚ್ಚು, ನೋಡೂಣು" ಎಂದೆ ಮಗಳಿಗೆ.

ಅವಳು ಬಿಚ್ಚಿದಳು. ನಾನು ಆರಿಸುತ್ತಿದ್ದ ಬಣ್ಣವಲ್ಲ. ಹೆಗಲ ಮೇಲೆ ಹರವಿ, ಗದ್ದ ಎತ್ತಿ ನೋಡಿದೆ. ಅವಳ ಕಣ್ಣು ತುಂಬಿದ್ದವು. "ಇದ ಇರಲಿ" ಎಂದೆ. ಆಗಲೇ ಇದ್ದದ್ದಕ್ಕೆ ಇರಲಿ ಎಂದಂತಾಯಿತು, ಆದರೂ ಅಂದೆ.

ಹೊರಗೆ ಕಾರು ಇನ್ನೂ ಒದರುತ್ತಿತ್ತು. ಲಾಕು ಮಾಡದ ಕಾರನ್ನು ಬಿಟ್ಟು ಬರಲಾಗದೆ ಯಜಮಾನರು ಅದರ ಬಾಗಿಲು ಹಿಡಿದು ನಿಂತು, ಗಾಜಿನಾಚೆಯಿಂದ ಕೀಲಿ ಕೀಲಿ ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ಅವರಿಗೆ ಐದು ಬೆರಳು ಎತ್ತಿ ತೋರಿಸಿದೆ. ಆಮೇಲೆ ಅಂಗಡಿಯವನಿಗೆ, "ಉಳದಿದ್ದ ಸೀರಿನೂ ತಗೀರಿ, ಮೊದಲಿಂದ ನೋಡ್ತೇನಿ" ಎಂದೆ.