ಜಗಲಿಯ ಮೇಲೊಂದು ಚಕ್ರ

ಹುಬ್ಬಳ್ಳಿಯ ರೈಲಿಗೆ ಇನ್ನೂ ಹೊತ್ತಿದೆಯೆಂದು ಗಾಂಧಿ ಬಜಾರಿನಲ್ಲಿ ಅಲೆಯುತ್ತಿದ್ದೆ. ಹೂವಿನಂಗಡಿಯ ಮಗ್ಗುಲಿನ ಜಗಲಿಯಲ್ಲಿ ಯುವತಿಯೊಬ್ಬಳು ಟ್ಯಾರೋ ಕಾರ್ಡು ಹರಡಿಕೊಂಡು ಭವಿಷ್ಯ ಹೇಳುತ್ತಿದ್ದಳು. ಇಂಥದ್ದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಚಿತ್ರಗಳು ಚೆನ್ನಾಗಿದ್ದವು, ನಿಂತೆ.

ಎದುರಿಗೆ ಕೂತಿದ್ದ ಹಿರಿಯ ಹೆಂಗಸು ಎತ್ತಿದ ಕಾರ್ಡಿನಲ್ಲಿ ದೊಡ್ಡದೊಂದು ಚಕ್ರ. ಒಂದು ಬದಿಯಲ್ಲಿ ಹಾವು ಇಳಿಯುತ್ತಿತ್ತು, ಇನ್ನೊಂದು ಬದಿಯಲ್ಲಿ ನರಿಮುಖದವನೊಬ್ಬ ಏರುತ್ತಿದ್ದ.

"ಅದೃಷ್ಟದ ಚಕ್ರ ಮೇಡಂ. ಇನ್ಮೇಲೆ ನೀವು ಮೇಲೆ ಬರ್ತೀರಿ," ಎಂದಳು ಯುವತಿ.

ಅವರು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದರು. "ಬೈಲಕುಪ್ಪೆಲಿ ಟಿಬೆಟಿನವರ ಗುಡಿ ಗೋಡೆ ಮೇಲೆ ಇಂಥದ್ದೇ ಚಕ್ರ ನೋಡಿದೀನಿ. ಅಲ್ಲೂ ಅರ್ಧ ಜನ ಹತ್ತುತಾರೆ, ಅರ್ಧ ಜನ ಬೀಳ್ತಾರೆ. ಆದ್ರೆ ನಾವು ಬೌದ್ಧರು ನೋಡಮ್ಮ, ಮೇಲೆ ಬರೋದಲ್ಲ, ಚಕ್ರದಿಂದಲೇ ಇಳಿದ್ಬಿಡ್ಬೇಕು ಅಂತೀವಿ. ಮತ್ತೆ ಹುಟ್ಟಿ ಬರೋ ಹಾಗೇ ಇರಬಾರದು."

"ಇಳಿದು ಎಲ್ಲಿಗೆ ಹೋಗ್ತಾರೆ?" ಯುವತಿಗೆ ನಿಜಕ್ಕೂ ಕುತೂಹಲ. ನನಗೂ.

"ಅದನ್ನ ಕೇಳಬಾರದಂತೆ," ಎಂದು ಅವರು ನಗುತ್ತ ಎದ್ದರು. "ನಾಳೆ ನಂಗೆ ಹಾರ್ಟ್ ಆಪರೇಷನ್. ಮನೇಲಿ ಕೂರಕ್ಕಾಗದೆ ಸುಮ್ನೆ ಬಂದೆ. ಹೋಗ್ತೀನಿ."

"ಹೋಗ್ತೀನಿ ಅನ್ಬಾರ್ದು ಮೇಡಂ! ಬರ್ತೀನಿ ಅನ್ನಿ."

ಚಕ್ರದಿಂದ ಇಳಿಯಬೇಕೆನ್ನುವವರು ಇದಕ್ಕೆ ಏನು ಹೇಳಿಯಾರು ಎಂದು ಕಿವಿಗೊಟ್ಟು ನಿಂತೆ. ಅವರು ಚಪ್ಪಲಿ ಮೆಟ್ಟಿಕೊಂಡು ಜಗಲಿಯಿಂದ ಇಳಿದರು. ಸ್ವಲ್ಪ ದೂರ ಹೋಗಿ ತಿರುಗಿದರು.

"ಬರ್ತೀನಮ್ಮ," ಎಂದರು. ಆಮೇಲೆ ಹೂವಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಹೋಗಿ ಬರ್ತೀನಿ."